ಹಿರಿಯ ಹುದ್ದೆಯ ಆತ್ಮಸಂಶಯ: ಕೋಚ್ ನೆರವೋ, ಸಮಾನ ಹುದ್ದೆಯವರ ಗುಂಪೋ?

ಸಾಧನೆಯ ಪುರಾವೆ ಕಣ್ಣೆದುರಿಗಿದ್ದರೂ ‘ಇಂದಲ್ಲ ನಾಳೆ ನನ್ನ ಬಂಡವಾಳ ಬಯಲಾಗುತ್ತದೆ’ ಎಂದು ಒಳಗೊಳಗೇ ಅಳುಕುವ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ‘ಇಂಪೋಸ್ಟರ್ ಫಿನಾಮಿನನ್’ ಎಂದು ಹೆಸರಿಸಿದರು. ‘ಸಿಂಡ್ರೋಮ್’ ಎಂಬ ಮಾತು ಅದಕ್ಕೆ ಅಂಟಿಕೊಂಡದ್ದು ಅನಂತರ, ಇದು ರೋಗವಲ್ಲ.

ಹುದ್ದೆ ಏರಿದಂತೆಲ್ಲ ಇದ್ದದ್ದನ್ನು ಇದ್ದಂತೆ ಮುಖಕ್ಕೆ ಹೇಳುವವರು ಕಡಿಮೆಯಾಗುವುದರಿಂದ, ಕೆಳಗಿನವರ ಹೊಗಳಿಕೆಯನ್ನು ನಂಬಲಾಗದೆ, ಮೇಲಿನವರೆದುರು ಅಳುಕನ್ನು ತೋರಿಸಲೂ ಆಗದೆ ನಾಯಕರು ಒಂಟಿಯಾಗುತ್ತಾರೆ. ಈ ಒಂಟಿತನಕ್ಕೆ ಸಮಾನ ಹುದ್ದೆಯವರ ಗುಂಪೇ ಹೆಚ್ಚು ನೇರವಾದ ಮದ್ದು. ತನ್ನಷ್ಟೇ ಹೊಣೆ ಹೊತ್ತ, ತಾನು ಮೆಚ್ಚುವ ಮತ್ತೊಬ್ಬರು ಅದೇ ಅಳುಕನ್ನು ಹೇಳಿಕೊಂಡಾಗ, ಅದು ಅನರ್ಹತೆಯ ಸಾಕ್ಷಿಯಲ್ಲ ಎಂಬುದು ಯಾವ ಉಪದೇಶಕ್ಕಿಂತಲೂ ಬೇಗ ಮನವರಿಕೆಯಾಗುತ್ತದೆ. ಆದರೆ ಗುಂಪಿನಲ್ಲಿ ಪ್ರತಿಸ್ಪರ್ಧಿಗಳಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಅದು ಸ್ವಂತ ಸಂಸ್ಥೆಯ ಹೊರಗಿನದಾಗಿರಬೇಕು.

ಕೋಚ್, ಅಂದರೆ ನಾಯಕರಿಗೆ ಪ್ರತ್ಯೇಕವಾಗಿ ಮಾರ್ಗದರ್ಶನ ನೀಡುವ ವೃತ್ತಿಪರರು, ಉಪಯುಕ್ತವಾಗುವುದು ಅಳುಕು ನಡವಳಿಕೆಯಾಗಿ ಬೇರೂರಿದಾಗ: ಅತಿಯಾದ ಸಿದ್ಧತೆ, ಕೆಲಸ ಹಂಚಲು ಹಿಂಜರಿಕೆ, ನಿರ್ಧಾರವನ್ನು ಮುಂದೂಡುವುದು. ಅವರು ಇವನ್ನು ಒಂದೊಂದಾಗಿ ಹಿಡಿದು, ಮುಂದಿನ ಭೇಟಿಯಲ್ಲಿ ಲೆಕ್ಕ ಕೇಳುತ್ತಾರೆ. ಶುಲ್ಕವನ್ನು ಸಂಸ್ಥೆಯೇ ಕೊಡುವುದಾದರೆ ಗೋಪ್ಯತೆಯ ಷರತ್ತನ್ನು ಮೊದಲೇ ಬರವಣಿಗೆಯಲ್ಲಿ ಪಡೆಯುವುದು ಜಾಣತನ.

ನನ್ನ ಮಟ್ಟಿಗೆ ಗುಂಪಿನಿಂದ ಆರಂಭಿಸಿ, ಕೆಲವು ತಿಂಗಳ ನಂತರವೂ ಅದೇ ನಡವಳಿಕೆ ಮುಂದುವರಿದರೆ ಕೋಚ್ ಬಳಿ ಹೋಗುವುದು ಸರಿ. ನಿದ್ರೆಗೆಟ್ಟು, ಆತಂಕ ದಿನವಿಡೀ ಕಾಡುತ್ತಿದ್ದರೆ ಈ ಎರಡನ್ನೂ ಬದಿಗಿಟ್ಟು ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು.