ತಂತಿ ಮರ ಅಂತ ಹೇಳಿ ಅಚ್ಚಿನ ಪ್ಲಾಸ್ಟಿಕ್ ಕಳಿಸಿದರು, ಮುಂಗಡ ಕೊಡೋ ಮೊದಲು ಓದಿ

ಎಚ್‌ಒ ಲೇಔಟ್‌ಗೆ (ನಿಜದ 87ರಲ್ಲಿ ಒಂದು ಪಾಲು ಅಳತೆಯ ಮಾದರಿ ರೈಲು ದಾರಿಗೆ) ರೆಡಿಮೇಡ್ ಮರ ತರಿಸೋ ಯೋಚನೆಯಲ್ಲಿದ್ದೀರಾ? ಪೂರ್ತಿ ಓದೋಕೆ ಪುರುಸೊತ್ತಿಲ್ಲದಿದ್ದರೆ ಇಷ್ಟು ಸಾಕು: ಮರದ ಪಕ್ಕ ಅಳತೆ ಪಟ್ಟಿ ಇಟ್ಟು ತೆಗೆದ ಫೋಟೊ ಕೇಳಿ. ಕೊಡಲಿಲ್ಲವಾ, ಅಲ್ಲಿಗೇ ಬಿಟ್ಟುಬಿಡಿ.

40 ಮರ, ಒಂದಕ್ಕೆ 150, ಒಟ್ಟು 6,000 ರೂಪಾಯಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಒಂದು ತಿರುವಿನ ಮಾದರಿಗೆ ಬೇಕಿದ್ದ ಮರಗಳು. ಆ ದಾರಿಯಲ್ಲಿ ಹೋದವರಿಗೆ ಗೊತ್ತು, ಹಳಿಗಿಂತ ಕಾಡೇ ಹೆಚ್ಚು ಕಾಣೋ ಜಾಗ ಅದು. ವಾಟ್ಸಾಪ್‌ನಲ್ಲಿ ಮಾರುವವರ ಜೊತೆ ಆದ ಮಾತು ಸ್ಪಷ್ಟವಾಗಿತ್ತು: ಕೈಯಲ್ಲಿ ತಿರುಚಿದ ತಂತಿ ಮರ, 1:87, ಎತ್ತರ 15ರಿಂದ 20 ಸೆಂ.ಮೀ. ಅರ್ಧ ಮುಂಗಡ, ಉಳಿದರ್ಧ ಕೊರಿಯರ್‌ಗೆ ಮುಂಚೆ. ಎರಡೂ ಕೊಟ್ಟಾಗಿತ್ತು.

ಬಂದ ಮರ 6 ಸೆಂ.ಮೀ.! 87ರಿಂದ ಗುಣಿಸಿ ನೋಡಿ, 5.2 ಮೀಟರ್. ನಮ್ಮ ಡೀಸೆಲ್ ಇಂಜಿನ್ನೇ ಸುಮಾರು 4.2 ಮೀಟರ್ ಎತ್ತರ. ಅಂದರೆ ಘಟ್ಟದ ಕಾಡುಮರ ಇಂಜಿನ್‌ಗಿಂತ ಲೇಔಟ್ ಮೇಲೆ ಬರೀ ಒಂದು ಸೆಂಟಿಮೀಟರ್ ಎತ್ತರ. 1:160ರ ಎನ್ ಸ್ಕೇಲ್‌ನಲ್ಲಾದರೆ ಇದೇ ಮರ 9.6 ಮೀಟರ್ ಆಗುತ್ತೆ, ಅಲ್ಲಿಗೆ ಒಪ್ಪುತ್ತೆ. ಎನ್‌ಗೆ ಹೊಂದೋ ಮರವನ್ನು ಎಚ್‌ಒ ಅಂತ ಮಾರಿದ್ದಾರೆ.

ಅದಾದರೂ ಅಳತೆಯ ತಪ್ಪು ಅಂದುಕೊಳ್ಳಬಹುದಿತ್ತು. ಒಂದು ಕಾಂಡವನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ತಿರುಗಿಸಿದೆ. ಎರಡೂ ಬದಿಯಲ್ಲಿ, ಬುಡದಿಂದ ತುದಿವರೆಗೆ, ಕೂದಲೆಳೆಯಷ್ಟು ಅಚ್ಚಿನ ಗೆರೆ. ಇನ್ನೊಂದು ತೆಗೆದರೆ ಅದೇ ಗೆರೆ. ಎಡಗಡೆಯ ಮೂರನೇ ಕೊಂಬೆ ಅದೇ ಜಾಗದಲ್ಲಿ, ಅದೇ ಬಾಗು. ನಲವತ್ತೂ ಹಾಗೇ. ತಂತಿಯೇ ಇಲ್ಲ, ಒಂದರಲ್ಲೂ ಇಲ್ಲ. ಮೊದಲು ಕಳಿಸಿದ್ದ ಫೋಟೊದಲ್ಲಿ ತಂತಿಯ ತಿರುಚು ಎದ್ದು ಕಾಣುತ್ತಿತ್ತು. ಅದು ಬೇರೆ ಯಾರೋ ಮಾಡಿದ ಮರದ ಫೋಟೊ. ಹೊಟ್ಟೆ ಉರಿದಿದ್ದು ಆಗ.

ಕೇಳಿದ್ದಕ್ಕೆ ಬಂದ ಉತ್ತರಗಳು ನೋಡಿ. "ಸರ್, ಸ್ಕೇಲ್ ಅಂದ್ರೆ ಅಂದಾಜು, ಕಾಡಲ್ಲಿ ಚಿಕ್ಕ ಮರನೂ ಇರುತ್ತೆ." ಅಚ್ಚಿನ ಗೆರೆ ಫೋಟೊ ಕಳಿಸಿದರೆ, "ಪೇಂಟ್ ಹೊಡೀರಿ ಸರ್, ಕಾಣಲ್ಲ." ಎಲೆ ಉದುರುತ್ತಿದೆ ಅಂದರೆ, "ಮರ ಅಂದ್ಮೇಲೆ ಎಲೆ ಉದುರುತ್ತೆ ಸರ್." ದುಡ್ಡು ವಾಪಸ್ ಕೇಳಿದಾಗ, "ಬಾಕ್ಸ್ ಓಪನ್ ಮಾಡಿದ್ಮೇಲೆ ರಿಟರ್ನ್ ಇಲ್ಲ." ತೆರೆಯದೆ ಅಳೆಯೋದು ಹೇಗೆ? ಇದಕ್ಕೆ ಉತ್ತರವೇ ಬರಲಿಲ್ಲ.

ನಾಚಿಕೆಯಾಗೋದು ಇಲ್ಲೇ. ಈ ಕೆಲಸ ಗೊತ್ತಿದ್ದವರು ಬೆಲೆ ನೋಡಿಯೇ ಅನುಮಾನ ಪಡಬೇಕಿತ್ತು. 18 ಸೆಂ.ಮೀ. ಮರಕ್ಕೆ ಅರ್ಧ ಮಿಲಿಮೀಟರ್ ದಪ್ಪದ ತಂತಿಯ 25–30 ಎಳೆ ಬೇಕು, ಒಂದೊಂದೂ 25 ಸೆಂ.ಮೀ., ಯಾಕಂದರೆ ತಿರುಚಿದಾಗ ಉದ್ದ ಕಮ್ಮಿಯಾಗುತ್ತೆ. ಬುಡದಲ್ಲಿ ಬೇರಿಗೆ ಎರಡು ಸೆಂ.ಮೀ. ಬಿಟ್ಟು ಕಾಂಡ ತಿರುಚಬೇಕು, ಆಮೇಲೆ ಎರಡಾಗಿ, ನಾಲ್ಕಾಗಿ ಬಿಡಿಸುತ್ತಾ ಕೊನೆಗೆ ಒಂದೊಂದೇ ಎಳೆ. ಮೇಲೆ ಫೆವಿಕಾಲ್ ಮತ್ತು ಜರಡಿ ಹಿಡಿದ ಮರದ ಪುಡಿ ಕಲಸಿದ ಲೇಪ, ಎರಡು ಸಲ. ಮೊದಲನೆಯದು ಪೂರ್ತಿ ಒಣಗದೆ ಎರಡನೆಯದು ಹಚ್ಚಿದರೆ ಸಿಪ್ಪೆ ಏಳುತ್ತೆ. ಬಣ್ಣ ಬೂದು ಕಲೆತ ಕಂದು, ಚಾಕೊಲೇಟ್ ಕಂದಲ್ಲ. ಇಷ್ಟಾದ ಮೇಲೆ ಎಲೆ, ಅಂದರೆ ಬಣ್ಣ ಹಾಕಿದ ಸ್ಪಂಜಿನ ಪುಡಿ. ಕೂತು ಮಾಡೋ ಕೆಲಸವೇ ಒಂದು ಗಂಟೆ, ಒಣಗೋಕೆ ಎರಡು ರಾತ್ರಿ. 150 ರೂಪಾಯಿಗೆ ಇದನ್ನು ಯಾರು ಮಾಡಿಕೊಡ್ತಾರೆ? ಅವಸರದಲ್ಲಿ ಯೋಚಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಬಣ್ಣದಿಂದ. ಎಲೆ ಉದುರದಿರಲಿ ಅಂತ ಒಂದು ಪಾಲು ಫೆವಿಕಾಲ್‌ಗೆ ನಾಲ್ಕು ಪಾಲು ನೀರು, ಒಂದು ತೊಟ್ಟು ಪಾತ್ರೆ ಸೋಪು ಹಾಕಿ ಸ್ಪ್ರೇ ಮಾಡೋದು ಎಲ್ಲರೂ ಮಾಡೋದೇ. ಒಂದು ಮರ ನೆಟ್ಟು ಹಾಗೆ ಮಾಡಿದ್ದಕ್ಕೆ ಹಸಿರು ನೀರು ಇಳಿದು ಹಳಿಯ ಜಲ್ಲಿಗೆ ಕಲೆ ಹತ್ತಿತು. ಸ್ಪಂಜಿನ ಪುಡಿಗೆ ಅಕ್ರಿಲಿಕ್ ಬಣ್ಣ ಹಾಕಿದ್ದರೆ ಒಣಗಿದ ಮೇಲೆ ಬಣ್ಣ ಬಿಡಲ್ಲ. ಇದಕ್ಕೆ ಹಾಕಿರೋದು ನೀರಲ್ಲಿ ಕರಗೋ ಬಣ್ಣ. ಉದುರಿದ ಪುಡಿ ರೈಲು ಹಳಿ ಬದಲಿಸೋ ಪಾಯಿಂಟ್‌ನ ಬ್ಲೇಡ್ ಸಂದಿಗೆ ಸೇರಿ ಎರಡು ಬೋಗಿ ಹಳಿ ತಪ್ಪಿದ್ದು ಬೇರೆ.

ಹಾಗಾಗಿ ಮೊದಲು ಎರಡೇ ಎರಡು ಮರ ತರಿಸಿ. ತಲೆಕೆಳಗೆ ಮಾಡಿ ಬಿಳಿ ಹಾಳೆ ಮೇಲೆ ಕೊಡವಿ, ಒದ್ದೆ ಟಿಶ್ಯೂ ಒತ್ತಿ ಬಣ್ಣ ಬಿಡುತ್ತಾ ನೋಡಿ. ಬಾಕ್ಸ್ ತೆರೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ, ನನ್ನ ಹತ್ತಿರ ಅದಿರಲಿಲ್ಲ. ಪೂರ್ತಿ ದುಡ್ಡು ಮೊದಲೇ ಕೇಳಿದರೆ ಕೊಡಬೇಡಿ, ಕೊಡಲೇಬೇಡಿ.

ಮೊನ್ನೆ ಕೊನೇ ಸಲ ಮೆಸೇಜ್ ಹಾಕಿದೆ. ಒಂದೇ ಟಿಕ್. ಕಲೆಯಾದ ಜಲ್ಲಿಯನ್ನು ಒಂದು ಗೇಣು ಉದ್ದ ಕೆರೆದು ತೆಗೆದಿದ್ದೇನೆ, ಹೊಸದು ಹಾಕಬೇಕು.