ಬೇಸಿಗೆಯ ಗುಡುಗು ಮಳೆಗೆ ವಿಂಡಿ ಆ್ಯಪ್: ಎಲ್ಲಿ ನೋಡಬೇಕು ಅನ್ನೋದೇ ಮುಖ್ಯ

ಕಡಲ ಪಕ್ಕ ಇರುವವರಿಗೆ ಬೇಸಿಗೆಯ ಗುಡುಗು ಮಳೆ ಗೊತ್ತಿರುತ್ತದೆ ಅಲ್ವಾ. ಬೆಳಿಗ್ಗೆ ತಿಳಿ ಆಕಾಶ, ಮಧ್ಯಾಹ್ನ ತಡೆಯಲಾಗದ ಸೆಕೆ, ಸಂಜೆ ಹೊತ್ತಿಗೆ ಒಂದು ಮೂಲೆಯಿಂದ ಕಪ್ಪು ಕವಿಯುತ್ತದೆ. ಅದನ್ನು ಮೊದಲೇ ಅಂದಾಜು ಮಾಡಲು ನಾನು ಎರಡು ಬೇಸಿಗೆಯಿಂದ ವಿಂಡಿ ಅನ್ನೋ ಹವಾಮಾನ ಆ್ಯಪ್ ಬಳಸುತ್ತಿದ್ದೇನೆ. ತುಂಬಾ ಇಷ್ಟವಾಗಿದೆ. ಆದರೆ ಹೆಚ್ಚಿನವರು ಅದರಲ್ಲಿ ಮಳೆ ಎಷ್ಟು ಮಿಲಿಮೀಟರ್ ಅಂತ ಮಾತ್ರ ನೋಡಿ ಮುಚ್ಚುತ್ತಾರೆ.

ಗುಡುಗು ಮಳೆಗೆ ಆ ಅಂಕಿಯನ್ನು ಜಾಸ್ತಿ ನಂಬಬೇಡಿ. ವಿಂಡಿಯಲ್ಲಿ ಸಿಗುವ, ಯುರೋಪಿನ ಇಸಿಎಂಡಬ್ಲ್ಯುಎಫ್ ಅನ್ನುವ ಹವಾಮಾನ ಕೇಂದ್ರದ ಮಾಡೆಲ್ (ಕಂಪ್ಯೂಟರ್‌ನಲ್ಲಿ ಮುನ್ಸೂಚನೆ ಲೆಕ್ಕ ಹಾಕುವ ವಿಧಾನ) ಭೂಮಿಯನ್ನು ಸುಮಾರು 9 ಕಿಲೋಮೀಟರಿನ ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ಗುಡುಗಿನ ಮೋಡ ಶುರುವಾಗುವಾಗ ಅದಕ್ಕಿಂತ ಚಿಕ್ಕದು, ಎಷ್ಟೋ ಸಲ ಒಂದು ಗಂಟೆಯೊಳಗೆ ಸುರಿದು ಕರಗಿಯೂ ಹೋಗಿರುತ್ತದೆ. ಅದು ಯಾರ ಮನೆ ಮೇಲೆ ಸುರಿಯುತ್ತದೆ ಅಂತ ಬೆಳಿಗ್ಗೆಯೇ ಹೇಳುವುದು ಆ ಚೌಕಗಳಿಂದ ಆಗುವ ಕೆಲಸವಲ್ಲ.

ಬೆಳಿಗ್ಗೆ ನೋಡಬೇಕಾದ್ದು ಆ್ಯಪ್‌ನ ನಕ್ಷೆಯಲ್ಲಿ ಕೇಪ್ (CAPE) ಅನ್ನುವ ಆಯ್ಕೆ. ಬಿಸಿಯಾದ ತೇವದ ಗಾಳಿಗೆ ಮೇಲೇರಲು ಎಷ್ಟು ಬಲ ಇದೆ ಅನ್ನೋದರ ಅಳತೆ ಅದು. ಆ ಅಂಕಿ (ಕಿಲೋಗೆ ಇಷ್ಟು ಜೂಲ್ ಅಂತ ಲೆಕ್ಕ) 1000ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಗಲಾಟೆ ಕಡಿಮೆ, 2500 ದಾಟಿದರೆ ಹುಷಾರಾಗಿರಬೇಕು. ಹಾಗಂತ ಕೇಪ್ ಜಾಸ್ತಿ ಇದ್ದ ಪ್ರತಿ ದಿನವೂ ಮಳೆ ಬರಲೇಬೇಕು ಅಂತಿಲ್ಲ, ಯಾಕೆಂದರೆ ಸ್ವಲ್ಪ ಎತ್ತರದಲ್ಲಿ ಬೆಚ್ಚಗಿನ ಗಾಳಿಯ ಪದರ ಕೂತಿದ್ದರೆ ಕೆಳಗಿನ ಗಾಳಿ ಅದನ್ನು ದಾಟಿ ಏರಲಾರದು, ಯಾರಾದರೂ ಕೆಳಗಿನಿಂದ ನೂಕಬೇಕು.

ಕರಾವಳಿಯಲ್ಲಿ ನೂಕುವುದು ಕಡಲ ಗಾಳಿ. ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಮಧ್ಯಾಹ್ನ ತಂಪು ಗಾಳಿ ಒಳನಾಡಿಗೆ ನುಗ್ಗುತ್ತದೆ, ಎದುರಿನ ಬಿಸಿ ಗಾಳಿಯ ಅಡಿಗೆ ಸೇರಿಕೊಂಡು ಅದನ್ನು ಎತ್ತುತ್ತದೆ. ವಿಂಡಿಯ ಗಾಳಿ ನಕ್ಷೆಯಲ್ಲಿ ಈ ಎರಡೂ ಗಾಳಿ ಎದುರುಬದುರಾಗುವ ಗೆರೆ ಕಾಣುತ್ತದೆ, ನನಗೆ ಈ ಆ್ಯಪ್‌ನಲ್ಲಿ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಅದೇ. ಆ ಗೆರೆ ಇರುವ ಕಡೆ ಕೇಪ್ ಕೂಡ ಜಾಸ್ತಿ ಇದ್ದರೆ ಸಂಜೆಯ ಓಡಾಟ ಮುಂದೆ ಹಾಕುತ್ತೇನೆ. ಬೇರೆ ಮಾಡೆಲ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಅವು ಒಂದೊಂದು ಒಂದೊಂದು ಹೇಳಿದರೆ, ಇನ್ನೂ ಏನೂ ತೀರ್ಮಾನವಾಗಿಲ್ಲ ಅಂತ ತಿಳಿಯಿರಿ.

ಮಧ್ಯಾಹ್ನದ ಮೇಲೆ ಮುನ್ಸೂಚನೆ ಬಿಟ್ಟು, ಈಗ ಎಲ್ಲಿ ಮಳೆ ಬೀಳುತ್ತಿದೆ ಅಂತ ತೋರಿಸುವ ರಾಡಾರ್‌ಗೆ ಹೋಗಿ. ಮಳೆಯ ಜೊತೆ ಮಿಂಚು ಬಿದ್ದ ಜಾಗವೂ ಅಲ್ಲೇ ಕಾಣುತ್ತದೆ. ಹಿಂದಿನ ಒಂದು ಗಂಟೆಯನ್ನು ಓಡಿಸಿ ನೋಡಿದರೆ ಮೋಡ ನಿಮ್ಮ ಕಡೆ ಬರುತ್ತಿದೆಯಾ, ಪಕ್ಕಕ್ಕೆ ಸರಿಯುತ್ತಿದೆಯಾ ಗೊತ್ತಾಗುತ್ತದೆ. ಎಲ್ಲ ಊರಿಗೂ ರಾಡಾರ್ ಸಿಗುವುದಿಲ್ಲ, ಸಿಗದಿದ್ದರೆ ಉಪಗ್ರಹ ಚಿತ್ರ ನೋಡಬೇಕು. ಅದರಲ್ಲಿ ಮೋಡದ ತಲೆ ಕಾಣುತ್ತದೆ, ಕೆಳಗೆ ಎಷ್ಟು ಸುರಿಯುತ್ತಿದೆ ಅನ್ನೋದು ಕಾಣುವುದಿಲ್ಲ.

ದಯವಿಟ್ಟು ಒಂದು ಮಾತು. ನಕ್ಷೆಯಲ್ಲಿ ಮಳೆ ದೂರ ಇದೆ ಅಂತ ಸುಮ್ನೆ ಬಯಲಲ್ಲಿ ನಿಲ್ಲಬೇಡಿ, ಸಿಡಿಲು ಮಳೆಯಿಂದ 15 ಕಿಲೋಮೀಟರ್ ಆಚೆಗೂ ಬೀಳಬಹುದು. ಗುಡುಗು ಕೇಳಿದ ಕೂಡಲೇ ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿದ್ದರೆ ಆ್ಯಪ್ ಏನೇ ತೋರಿಸಲಿ, ಇಲಾಖೆಯ ಮಾತು ಕೇಳಿ.

ದುಡ್ಡು ಕೊಟ್ಟರೆ ಮೂರು ಗಂಟೆಗೊಮ್ಮೆಯ ಬದಲು ಗಂಟೆಗೊಂದು ಮುನ್ಸೂಚನೆ ಸಿಗುತ್ತದೆ. ದೋಣಿ ಬಿಡುವವರಿಗೆ, ಗಾಳಿ ನೋಡಿ ಕೆಲಸ ಮಾಡುವವರಿಗೆ ಅದು ಬೇಕಾಗಬಹುದು. ಗುಡುಗು ಮಳೆಗಾಗಿ ಮಾತ್ರ ಆದರೆ ಉಚಿತದ್ದೇ ಸಾಕು.