ಮೂರು ಯಂತ್ರ, ಒಂದು ಕಪಾಟು

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಮೂರು ಯಂತ್ರಗಳು ಕೆಳಗಿಳಿದವು. ಅಜ್ಜನ ಕಾಲದ ವಾಲ್ವ್ ರೇಡಿಯೋ ಒಂದು. ಅದರ ಹಿಂದಿನ ರಟ್ಟಿಗೆ ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕವನ್ನು ಇನ್ನೂ ದಾರದಿಂದ ಕಟ್ಟಲಾಗಿತ್ತು. ಗದಗಿನ ಸೋದರಮಾವ ಊರು ಬಿಡುವಾಗ ಕೊಟ್ಟು ಹೋದ ನಾಲ್ಕು ವೇಗದ ರೆಕಾರ್ಡ್ ಪ್ಲೇಯರ್ ಇನ್ನೊಂದು. ಮೂರನೆಯದು, 1980ರ ದಶಕದಲ್ಲಿ ಕೊಲ್ಲಿ ದೇಶದಿಂದ ಬಂದ ಪರಿಚಿತರ ಹತ್ತಿರ ಅಪ್ಪ ಕೊಂಡ ಟೂ-ಇನ್-ಒನ್, ಅಂದರೆ ರೇಡಿಯೋ, ಕ್ಯಾಸೆಟ್ ಎರಡೂ ಇರುವ ಡಬ್ಬಿ. ಬಣ್ಣ ಒಣಗಿದ ಮೇಲೆ ಹೆಂಡತಿ ಪಡಸಾಲೆಯ ಗೋಡೆಯ ಕಪಾಟನ್ನು ತೋರಿಸಿ, "ಇದರಲ್ಲಿ ಹಿಡಿಯುವಷ್ಟು ಇಟ್ಟುಕೊಳ್ಳಿ, ಉಳಿದದ್ದು ಮತ್ತೆ ಅಟ್ಟ ಹತ್ತಬಾರದು" ಎಂದಳು. ಅದರಲ್ಲಿ ಹಿಡಿಯುವುದು ಒಂದೇ.

ಹಳೆಯದೆಲ್ಲ ಹೊನ್ನು ಎಂದು ನಾನು ನಂಬುವವನಲ್ಲ. ಅದೇ ಅಟ್ಟದಿಂದ ಹಿಡಿ ಮುರಿದ ಕುಕ್ಕರ್ ಕೂಡ ಇಳಿಯಿತು, ಅದಕ್ಕಾಗಿ ಯಾರೂ ಕಣ್ಣೀರು ಹಾಕಲಿಲ್ಲ. ಹಾಗಾಗಿ ಮೂರನ್ನೂ ರಿಪೇರಿ ಮಾಡಿಸಿ, ಒಂದೊಂದನ್ನು ಒಂದೊಂದು ತಿಂಗಳು, ಸಂಜೆ ಏಳರಿಂದ ಎಂಟರವರೆಗೆ, ಅದೇ ಕುರ್ಚಿಯಲ್ಲಿ ಕುಳಿತು ಕೇಳುವುದೆಂದು ತೀರ್ಮಾನಿಸಿದೆ. ಧಾರವಾಡದವನಾದ್ದರಿಂದ ಪರೀಕ್ಷೆಗೆ ಏನನ್ನು ಹಾಕಬೇಕೆಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಈ ಊರಿನ ಸುತ್ತಮುತ್ತ ಹಾಡಿದವರ ಹಿಂದೂಸ್ತಾನಿ ಖಯಾಲು ಯಾವುದರಲ್ಲಿ ಚೆನ್ನಾಗಿ ಕೇಳುತ್ತದೋ ಅದು ಉಳಿಯಬೇಕು.

ಗೆಲ್ಲುವುದು ರೆಕಾರ್ಡ್ ಪ್ಲೇಯರ್ ಎಂದೇ ಅಂದುಕೊಂಡಿದ್ದೆ. ಅದನ್ನು ಮೊದಲು ತೆಗೆದೆ. ತಟ್ಟೆ ತಿರುಗಿತು, ಸದ್ದು ಬರಲಿಲ್ಲ. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಮಾಡುವ ಪಿಕಪ್‌ನೊಳಗಿನ ಹರಳು ಸತ್ತಿತ್ತು. ಹಳೆಯ ಕ್ರಿಸ್ಟಲ್ ಪಿಕಪ್‌ಗಳಲ್ಲಿ ಇರುತ್ತಿದ್ದದ್ದು ರೋಶೆಲ್ ಉಪ್ಪಿನ ಹರಳು. ಉಪ್ಪು ಎಂದ ಮೇಲೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದರ ಗತಿ ಏನಾಗುತ್ತದೆಂದು ಅಡುಗೆಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಸೆರಾಮಿಕ್ ಪಿಕಪ್ ಹುಡುಕಿಸಿ ಹಾಕಿಸಿದೆ. ಆಮೇಲೆ 'ಧಡ್ ಧಡ್' ಎಂಬ ಶಬ್ದ. ತಟ್ಟೆಯನ್ನು ಒಳಗಿನಿಂದ ತಿರುಗಿಸುವ ರಬ್ಬರ್ ಚಕ್ರ ಎಷ್ಟೋ ವರ್ಷ ಒಂದೇ ಕಡೆ ಒತ್ತಿಕೊಂಡು ನಿಂತು ಚಪ್ಪಟೆಯಾಗಿತ್ತು. ಅದನ್ನೂ ಉಜ್ಜಿಸಿದ್ದಾಯಿತು. ಮೂರರಲ್ಲಿ ಹೆಚ್ಚು ಹಣ ನುಂಗಿದ್ದು ಇದೇ.

ಆದರೆ ಹಾಡತೊಡಗಿದ ಮೇಲೆ ಅದರ ಮೇಲಿನ ಸಿಟ್ಟೆಲ್ಲ ಹೋಯಿತು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಒಂದು ಎಲ್‌ಪಿ ನಮ್ಮಲ್ಲಿದೆ, ಅದೇ ಧ್ವನಿಮುದ್ರಣದ ಕ್ಯಾಸೆಟ್ ಕೂಡ ಇದೆ. ಕ್ಯಾಸೆಟ್ಟಿನಲ್ಲಿ ತಂಬೂರಿ ಒಂದು ಗುಂಯ್‌ಗುಟ್ಟುವಿಕೆ ಮಾತ್ರ. ಎಲ್‌ಪಿಯಲ್ಲಿ ನಾಲ್ಕು ತಂತಿಗಳನ್ನು ಬೇರೆಬೇರೆಯಾಗಿ ಎಣಿಸಬಹುದು. ವೇಗದ ಸ್ವರಗಳ ತಾನ್ ಮುಗಿದು ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವ ಮುನ್ನ ಗಾಯಕರು ಎಳೆದುಕೊಳ್ಳುವ ಉಸಿರು ಕೂಡ ಕೇಳಿಸುತ್ತದೆ. ನಿಮಿಷಕ್ಕೆ ಮೂವತ್ತಮೂರೂಕಾಲು ಚಿಲ್ಲರೆ ಸುತ್ತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ. ವಿಲಂಬಿತ ಖಯಾಲು ಮೈ ಬಿಚ್ಚಿ ಕೂಡಲು ಅಷ್ಟು ಜಾಗ ಸಾಕು.

ಸಂಕಟ ಇದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳಲ್ಲಿ. ಮಾವನ ಪೆಟ್ಟಿಗೆಯಲ್ಲಿ ಇವೇ ಹೆಚ್ಚು. ಪಿಕಪ್‌ನ ಪುಟ್ಟ ಹಿಡಿಯನ್ನು ತಿರುವಿ ಅಗಲ ಮೊನೆಯ ಮುಳ್ಳನ್ನು ಕೆಳಗೆ ತರಬೇಕು. ಎಲ್‌ಪಿಯ ಮುಳ್ಳು 78ರ ಗೆರೆಯಲ್ಲಿ ತಳಕ್ಕೇ ಇಳಿದು ಧೂಳನ್ನು ಕೆರೆಯುತ್ತದೆ. 78ರ ಮುಳ್ಳನ್ನು ಎಲ್‌ಪಿಯ ಮೇಲೆ ಇಟ್ಟರಂತೂ ಪ್ಲೇಟೇ ಹಾಳು. ಹತ್ತು ಇಂಚಿನ ಅರಗಿನ ಪ್ಲೇಟು ಹಾಡುವುದು ಮೂರು ನಿಮಿಷ, ಸ್ವಲ್ಪ ಮೇಲೆ. ಗಂಟೆಗೆ ಹದಿನೆಂಟು ಸಲ ಏಳಬೇಕು. ನನ್ನ ಮೊಣಕಾಲು ಆರನೆಯದಕ್ಕೇ ತಕರಾರು ತೆಗೆಯಿತು.

ಆದರೂ ಒಂದು ಕಾರಣಕ್ಕೆ ಅವನ್ನು ಪೂರ್ತಿ ಬಿಡಲಾರೆ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಎಚ್‌ಎಂವಿ ಪ್ಲೇಟುಗಳು 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಬಂದವು. ಅಂಥದೊಂದು ಮಾವನ ಪೆಟ್ಟಿಗೆಯಲ್ಲಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದಪ್ಪಗಾದ, ಗಂಡು ಗಾಂಭೀರ್ಯದ ಅವರ ದನಿಯೇ ನಮ್ಮ ಪೀಳಿಗೆಗೆ ಗೊತ್ತಿರುವುದು. ಈ ಪ್ಲೇಟಿನಲ್ಲಿ ಹಾಡುವುದು ತೆಳುವಾದ, ಚೂಪಾದ, ಎಳೆಯ ಹೆಣ್ಣುದನಿ. ಮೊದಲ ಸಲ ಕೇಳಿದಾಗ ವೇಗದ ಗುಂಡಿ ತಪ್ಪಾಗಿದೆಯೆಂದು ಎದ್ದು ನೋಡಿಬಂದೆ. ಸರಿಯಾಗಿಯೇ ಇತ್ತು.

ಇನ್ನು ರೇಡಿಯೋ. ಅದನ್ನು ಸೀದಾ ಪ್ಲಗ್ಗಿಗೆ ಹಾಕುವ ಧೈರ್ಯ ಮಾಡಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿನ ಕೆಪಾಸಿಟರ್‌ಗಳು ಸೋರುತ್ತವೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕಥೆ ಮುಗಿಯಿತು. ವಾಲ್ವ್ ಸೆಟ್ ಮುಟ್ಟುವವರು ನನಗೆ ಧಾರವಾಡದಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ ಹಿರಿಯರಿದ್ದಾರೆಂದು ತಿಳಿದು, ಹಳೆಯ ಸೀರೆಯಲ್ಲಿ ಸುತ್ತಿ, ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಪಕ್ಕದ ಹುಡುಗಿ "ಅಂಕಲ್, ಗಣಪತಿಯೇ?" ಎಂದಳು. ಹೌದೆಂದೆ. ವಿವರಿಸುವುದಕ್ಕಿಂತ ಅದೇ ಸುಲಭ.

ಕಾಗದದ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿಕೊಂಡು ಅದು ಮನೆಗೆ ಬಂತು. ಗುಂಡಿ ತಿರುವಿದ ಮೇಲೆ ಅರ್ಧ ನಿಮಿಷ ಏನೂ ಇಲ್ಲ. ನಂತರ ನಿಲ್ದಾಣ ಸರಿಯಾಗಿ ಸಿಕ್ಕಿತೇ ಎಂದು ತೋರಿಸುವ ಹಸಿರು ಕಣ್ಣು ಮೆಲ್ಲಗೆ ಬಿಡುತ್ತದೆ, ಬಿಸಿಯಾದ ಧೂಳಿನ ವಾಸನೆ ಬರುತ್ತದೆ, ಆಮೇಲೆ ದನಿ. ಮಾತಿನ ದನಿಗೆ ಇದನ್ನು ಮೀರಿಸುವ ಯಂತ್ರ ನಮ್ಮ ಮನೆಯಲ್ಲಿಲ್ಲ. ಮರದ ಪೆಟ್ಟಿಗೆ, ದೊಡ್ಡ ಸ್ಪೀಕರ್. ವಾರ್ತೆ ಓದುವವರು ಎದುರಿನ ಕುರ್ಚಿಯಲ್ಲಿ ಕುಳಿತ ಹಾಗೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು, ಅಜ್ಜ ಈ ಸೆಟ್ಟು ಕೊಂಡದ್ದೇ ಅದಕ್ಕಾಗಿ. ಗಾಜಿನ ಮೇಲೆ ಆ ಕೇಂದ್ರದ ಜಾಗದಲ್ಲಿ ಅವನು ಎಳೆದ ಕೆಂಪು ಗೆರೆ ಇದೆ. ಈಗ ನಿಲ್ದಾಣ ಸಿಗುವುದು 765 ಕಿಲೋಹರ್ಟ್ಸ್‌ನಲ್ಲಿ, ಗೆರೆಯಿಂದ ಸ್ವಲ್ಪ ಆಚೆ.

ನಿಲ್ದಾಣವೇನೋ ಸಿಕ್ಕಿತು. ಆದರೆ ಅದರ ಜತೆಗೆ ಜೇನುಹುಟ್ಟನ್ನು ಕೆದಕಿದಂಥ ಗುಂಯ್ಯೆಂಬ ಶಬ್ದವೂ ಬಂತು. ಸೆಟ್ಟೇ ಕೆಟ್ಟಿದೆಯೆಂದು ಹುಬ್ಬಳ್ಳಿಗೆ ಫೋನ್ ಮಾಡಿದರೆ ಆ ಹಿರಿಯರು, "ಸೆಟ್ಟು ನೆಟ್ಟಗಿದೆ ಸರ್, ನಿಮ್ಮ ಮನೆ ಕೆಟ್ಟಿದೆ. ಒಂದೊಂದೇ ದೀಪ ಆರಿಸಿ ನೋಡಿ" ಎಂದರು. ನೋಡಿದೆ. ಪಡಸಾಲೆಯ ಎಲ್‌ಇಡಿ ಆರಿಸಿದಾಗ ಕಾಲು ಭಾಗ ಇಳಿಯಿತು. ಮೊಬೈಲ್ ಚಾರ್ಜರ್ ತೆಗೆದಾಗ ಇನ್ನಷ್ಟು. ಈಗಿನ ದೀಪ, ಚಾರ್ಜರ್, ಸೆಟ್ ಟಾಪ್ ಬಾಕ್ಸ್ ಎಲ್ಲದರೊಳಗೂ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಕೊಡುವ ಪುಟ್ಟ ಸರ್ಕೀಟು ಇರುತ್ತದೆ. ಅದರ ಕಸವೆಲ್ಲ ಧಾರವಾಡ ನಿಲ್ದಾಣ ಬರುವ ಮೀಡಿಯಂ ವೇವ್‌ಗೆ ಬಂದು ಬೀಳುತ್ತದೆ. ಕೊನೆಗೆ ಇಡೀ ಮನೆ ಕತ್ತಲು ಮಾಡಿಕೊಂಡು, ಹಸಿರು ಕಣ್ಣಿನ ಬೆಳಕಿನಲ್ಲಿ ಕುಳಿತೆ. ಆಗಲೂ ಅಕ್ಕಪಕ್ಕದ ಮನೆಗಳ ಗುಂಯ್ ಉಳಿದೇ ಇತ್ತು. ಎದುರುಮನೆಯ ವೈನಿ ಬಂದು, "ನಿಮ್ಮದು ಮಾತ್ರ ಹೋಗಿದೆಯೇ ಕರೆಂಟು?" ಎಂದು ವಿಚಾರಿಸಿದರು.

ಆ ತಿಂಗಳಲ್ಲಿ ನಿಜವಾಗಿಯೂ ಕರೆಂಟ್ ಹೋದಾಗ ಇಡೀ ಓಣಿಯ ಕಸ ಒಮ್ಮೆಲೇ ನಿಂತಿರಬೇಕು. ಆದರೆ ಅದನ್ನು ಕೇಳಿಸಲು ರೇಡಿಯೋಗೂ ಕರೆಂಟ್ ಇರಲಿಲ್ಲ.

ಟೂ-ಇನ್-ಒನ್ ಬಗ್ಗೆ ನನಗೆ ಯಾವ ಆಸೆಯೂ ಇರಲಿಲ್ಲ. ಬೆಳ್ಳಿಯ ಬಣ್ಣದ ಪ್ಲಾಸ್ಟಿಕ್, ಮುರಿದ ಏರಿಯಲ್, ಅರ್ಧ ಅಳಿಸಿದ ಅಕ್ಷರ. ಟಿಕಾರೆ ರಸ್ತೆಯ ಹತ್ತಿರದ ರಿಪೇರಿ ಹುಡುಗ ಬಿಚ್ಚಿ, "ಬೆಲ್ಟು ಬೆಲ್ಲದ ಪಾಕವಾಗಿದೆ ನೋಡಿ ಸರ್" ಎಂದು ಬೆರಳಿಗೆ ಅಂಟಿದ ಕಪ್ಪು ಎಳೆಯನ್ನು ತೋರಿಸಿದ. ಹೊಸ ಬೆಲ್ಟು ಹಾಕಿ, ಟೇಪನ್ನು ಓದುವ ಹೆಡ್ಡನ್ನೂ ರಬ್ಬರ್ ರೋಲರನ್ನೂ ಸ್ಪಿರಿಟ್‌ನಿಂದ ಒರೆಸಿ, ಹೆಡ್ಡಿನ ಪಕ್ಕದ ಸ್ಕ್ರೂ ತಿರುವಿ ಸದ್ದು ತಿಳಿಯಾಗುವ ಹಾಗೆ ಕೂಡಿಸಿದ. ಉಳಿದೆರಡರ ಮುಂದೆ ಖರ್ಚು ಲೆಕ್ಕಕ್ಕೇ ಇಲ್ಲ.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳು ಚೆನ್ನಾಗಿಯೇ ಹಾಡಿದವು. ಚೆನ್ನಾಗಿ ಎಂದರೆ ಕ್ಯಾಸೆಟ್ ಹಾಡುವಷ್ಟು: ನಾಲ್ಕು ಮಿಲಿಮೀಟರೂ ಅಗಲವಿಲ್ಲದ ಟೇಪು, ಸೆಕೆಂಡಿಗೆ ಐದು ಸೆಂಟಿಮೀಟರೂ ಓಡದ ವೇಗ, ಅದರ ಹಿಂದೆ ಸದಾ 'ಸ್‌ಸ್' ಎಂಬ ಮಳೆ. ತೊಂಬತ್ತು ನಿಮಿಷದವುಗಳಲ್ಲಿ ಟೇಪು ಇನ್ನೂ ತೆಳು, ಎರಡನ್ನು ಯಂತ್ರ ತಿಂದೇಬಿಟ್ಟಿತು. ಪೆನ್ಸಿಲ್ ತುರುಕಿ ಸುತ್ತುವ ಕೆಲಸ ಬೆರಳಿಗೆ ಮರೆತಿರಲಿಲ್ಲ. ಆದರೆ ಅಪ್ಪ ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳನ್ನು ಹಾಕಿದರೆ ಎಲ್ಲವೂ ಕಂಬಳಿ ಹೊದ್ದು ಹಾಡಿದ ಹಾಗೆ ಮಂಕು. ಇದರ ಗುಟ್ಟು ತಿಳಿಯಲು ಎರಡು ದಿನ ಬೇಕಾಯಿತು. ಆ ಕಾಲದಲ್ಲಿ ಈ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿತ್ತು. ಓರೆಯಾಗಿ ಬರೆದದ್ದನ್ನು ಓರೆಯಾಗಿಯೇ ಓದಬೇಕು. ಹುಡುಗ ಅದನ್ನು ನೇರ ಮಾಡಿದ್ದ. ಸಣ್ಣ ಸ್ಕ್ರೂಡ್ರೈವರ್ ಹಿಡಿದು, ಕಿವಿಯನ್ನು ಸ್ಪೀಕರಿಗೆ ಹಚ್ಚಿ, ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುವಿದಾಗ ಕಂಬಳಿ ಸರಿಯಿತು.

ಸರಿದಾಗ ಕೇಳಿಸಿದ್ದು ವಾಲ್ವ್ ರೇಡಿಯೋ.

ಅಪ್ಪನ ಹಟ ಆಗ ನೆನಪಾಯಿತು. ಟೂ-ಇನ್-ಒನ್‌ನಲ್ಲೇ ರೇಡಿಯೋ ಇದ್ದರೂ, ಗುಂಡಿ ಒತ್ತಿದರೆ ಸೀದಾ ಟೇಪಿಗೆ ಇಳಿಯುತ್ತಿದ್ದರೂ, "ಪ್ಲಾಸ್ಟಿಕ್ ಡಬ್ಬಿಯ ದನಿ ಬೇಡ" ಎಂದು ಅವರು ಅದನ್ನು ಅಜ್ಜನ ಸೆಟ್ಟಿನ ಮುಂದೆ ಸ್ಟೂಲಿನ ಮೇಲೆ ಇಟ್ಟು ಮೈಕಿನಿಂದ ಮುದ್ರಿಸುತ್ತಿದ್ದರು. ಯಾರೂ ಕೆಮ್ಮುವಂತಿರಲಿಲ್ಲ. ಧಾರವಾಡ ಕೇಂದ್ರದಿಂದ ಬಂದ ಬಸವರಾಜ ರಾಜಗುರು, ಮಲ್ಲಿಕಾರ್ಜುನ ಮನ್ಸೂರ; ಹಾಡಿನ ನಡುವೆ ಕುಕ್ಕರಿನ ಮೂರು ಸೀಟಿ, ನಾಲ್ಕನೆಯದಕ್ಕೆ ಮೊದಲೇ ಅಪ್ಪನ ಸಿಡುಕಿನ 'ಶ್!'. ಮರದ ಪೆಟ್ಟಿಗೆಯ ಆ ದುಂಡು ದನಿಯೆಲ್ಲ ಅಲ್ಲಿದೆ, ಇಂದಿನ ಗುಂಯ್ ಇಲ್ಲ. ಮುದ್ರಿಸುವಾಗ ನಮ್ಮ ಮನೆಯಲ್ಲಿದ್ದದ್ದು ಹಳದಿ ಬಲ್ಬು. ಎದುರಿಗಿದ್ದ ಅಸಲಿ ಸೆಟ್ಟಿನಲ್ಲಿ ಒಂದು ತಿಂಗಳು ಒದ್ದಾಡಿದರೂ ಸಿಗದಿದ್ದದ್ದು ಈ ಡಬ್ಬಿಯಲ್ಲಿ ಸಿಕ್ಕಿತು. ಅದೂ ಹೆಡ್ಡು ಓರೆಯಿದ್ದರೆ ಮಾತ್ರ.

ಸದ್ದಿನ ಲೆಕ್ಕಕ್ಕೆ ಎಲ್‌ಪಿಯೇ ಮೇಲು, ಇದನ್ನು ಒಪ್ಪದವರ ಜತೆ ವಾದ ಮಾಡಲು ಈಗಲೂ ಸಿದ್ಧ. ಆದರೆ ನಮ್ಮಲ್ಲಿರುವ ಎಲ್‌ಪಿಗಳು ಹನ್ನೊಂದು, ಅಪ್ಪನ ಕ್ಯಾಸೆಟ್ಟುಗಳು ಮೂರು ಷೂ ಡಬ್ಬಿ. ನಿಮ್ಮ ಮನೆಯಲ್ಲಿ ಲೆಕ್ಕ ತಿರುಗುಮುರುಗಾಗಿದ್ದರೆ ಪ್ಲೇಯರನ್ನೇ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಅದರ ಮುಚ್ಚಳದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದನ್ನು ಮಾತ್ರ ಮರೆಯಬೇಡಿ. ನಮ್ಮದು ಗದಗಿಗೇ, ಮಾವನ ಮಗನ ಮನೆಗೆ ಮರಳಿತು. 'ಗಾಂಧಾರಿ ಹುಬ್ಬಳ್ಳಿ'ಯ ಪ್ಲೇಟು ಮಾತ್ರ ನನ್ನ ಬಟ್ಟೆಯ ಬೀರುವಿನಲ್ಲಿದೆ, ಈ ವಿಷಯ ಮನೆಯಲ್ಲಿ ಗೊತ್ತಿಲ್ಲ. ರೇಡಿಯೋವನ್ನು ಹುಬ್ಬಳ್ಳಿಯ ಹಿರಿಯರೇ ಕೇಳಿ ತೆಗೆದುಕೊಂಡರು. ಈ ಸಲ ತೊಡೆಯ ಮೇಲೆ ಇಟ್ಟುಕೊಂಡು ಹೋದಾಗ ಯಾರೂ ಏನೂ ಕೇಳಲಿಲ್ಲ.

ಟೂ-ಇನ್-ಒನ್ ಕಪಾಟು ಸೇರಿದ ವಾರವೇ ಗಾಳಿಮಳೆಗೆ ಎಲ್ಲೋ ಕೊಂಬೆ ಬಿದ್ದು ಮಾಳಮಡ್ಡಿಗೆ ಮಾಳಮಡ್ಡಿಯೇ ಕತ್ತಲಾಯಿತು. ಅದರ ಬೆನ್ನಿನಲ್ಲಿ ಆರು ದಪ್ಪ ಸೆಲ್ಲುಗಳ ಗೂಡಿದೆ. ಹಿಂದಿನ ದಿನ ತುಂಬಿದ್ದೆ. ಮುಳ್ಳನ್ನು 765ಕ್ಕೆ ತಂದೆ. ಗುಂಯ್ ಇಲ್ಲ, ಚಟಪಟ ಇಲ್ಲ. ಇಡೀ ಓಣಿಯಲ್ಲಿ ಒಂದು ಚಾರ್ಜರ್ ಕೂಡ ಉಸಿರಾಡುತ್ತಿರಲಿಲ್ಲ. ತೆಳ್ಳಗಿನ ಪ್ಲಾಸ್ಟಿಕ್ ದನಿಯೇ, ಆದರೆ ತೊಳೆದಿಟ್ಟ ಗಾಜಿನಷ್ಟು ಸ್ವಚ್ಛ. ಹೆಂಡತಿ ಅಡುಗೆಮನೆಯಿಂದ ತಡವರಿಸುತ್ತ ಬಂದು ಸ್ವಲ್ಪ ಹೊತ್ತು ನಿಂತು ಕೇಳಿದಳು. ಆಮೇಲೆ, "ಎರಡೂ ಟಾರ್ಚಿನ ಸೆಲ್ಲು ಇದಕ್ಕೆ ಹಾಕಿದ್ದೀರಾ?" ಎಂದಳು.

ಕರೆಂಟ್ ಬಂದದ್ದು ಹತ್ತರ ಮೇಲೆ. ಮರುದಿನ ಒಂದು ಡಜನ್ ಸೆಲ್ಲು ತಂದೆ.